ಲಿನಕ್ಸ್‌ನಲ್ಲಿ ಒಂದೇ ಪ್ರೋಗ್ರಾಮಿಂಗ್ ಭಾಷೆಯ ನಾಲ್ಕು ಆವೃತ್ತಿ: ಸಿಸ್ಟಮ್ ಕೆಡಿಸದೆ ಇಟ್ಟುಕೊಳ್ಳುವ ಬಗೆ

ಉಬುಂಟು 18.04 ಬಳಸುತ್ತಿದ್ದ ಕಾಲ. ಅದರ ಜೊತೆ ಬಂದದ್ದು ಪೈಥಾನ್ 3.6, ನನಗೆ ಬೇಕಿದ್ದದ್ದು 3.8. ಪ್ಯಾಕೇಜ್ ಹಾಕಿಕೊಂಡೆ. ಅದು ಹಳೆಯದರ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಕೂತಿತು. ಪೈಥಾನ್3 ಎಂದು ಹೊಡೆದರೆ ಮಾತ್ರ ಇನ್ನೂ 3.6 ಬರುತ್ತಿತ್ತು. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಅಪ್‌ಡೇಟ್-ಆಲ್ಟರ್‌ನೇಟಿವ್ಸ್ ಹಿಡಿದು /ಯುಎಸ್‌ಆರ್/ಬಿನ್/ಪೈಥಾನ್3 ಎಂಬ ಕೊಂಡಿಯನ್ನೇ (ಇನ್ನೊಂದು ಕಡತದ ಕಡೆ ಬೆರಳು ತೋರಿಸುವ ಹೆಸರು) 3.8ರ ಕಡೆ ತಿರುಗಿಸಿದೆ. ಕೆಲಸ ಮುಗಿಯಿತು, ಟರ್ಮಿನಲ್ ಮುಚ್ಚಿ ಮಲಗಿದೆ. ಮರುದಿನ ಟರ್ಮಿನಲ್ ಐಕಾನ್ ಒತ್ತಿದರೆ ಕರ್ಸರ್ ಪಕ್ಕದಲ್ಲಿ ಚಕ್ರ ಎರಡು ಸುತ್ತು ತಿರುಗಿ ಮಾಯ. ಮತ್ತೆ ಒತ್ತಿದೆ, ಮತ್ತೆ ಮಾಯ. ಎರರ್ ಕೂಡ ಇಲ್ಲ.

ಆಗಿದ್ದಿಷ್ಟು. ಉಬುಂಟುವಿನಲ್ಲಿ ಗ್ನೋಮ್ ಟರ್ಮಿನಲ್ ಅನ್ನು ಎಬ್ಬಿಸುವುದು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್. ಅದರ ಮೊದಲ ಸಾಲು /ಯುಎಸ್‌ಆರ್/ಬಿನ್/ಪೈಥಾನ್3 ಅನ್ನು ಕರೆಯುತ್ತದೆ, ಆಮೇಲೆ ಜಿಐ ಎಂಬ ಮಾಡ್ಯೂಲ್ ಕೇಳುತ್ತದೆ. ಆ ಮಾಡ್ಯೂಲ್‌ನ ಸಿ ಭಾಗ ಕಂಪೈಲ್ ಆಗಿದ್ದು 3.6ಕ್ಕೆ, 3.8ಕ್ಕೆ ಅದು ಲೆಕ್ಕಕ್ಕೇ ಇಲ್ಲ. ಸ್ಕ್ರಿಪ್ಟ್ ಅಲ್ಲೇ ಸತ್ತುಬೀಳುತ್ತಿತ್ತು. ಸರಿಪಡಿಸಲು ಬೇಕಾದ ಟರ್ಮಿನಲ್ಲೇ ಕೆಟ್ಟಿದ್ದರಿಂದ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕಪ್ಪು ಪರದೆಗೆ ಇಳಿದು ಕೊಂಡಿಯನ್ನು ಮೊದಲಿನಂತೆ ಕಟ್ಟಿದೆ.

ಅಂದಿನಿಂದ ಒಂದು ಮಾತು ಪಾಲಿಸುತ್ತಿದ್ದೇನೆ: ಡಿಸ್ಟ್ರೋ (ಉಬುಂಟುವಿನಂಥ ಲಿನಕ್ಸ್ ವಿತರಣೆ) ಜೊತೆ ಬಂದ ಪೈಥಾನ್ ಡಿಸ್ಟ್ರೋದ್ದು, ನನ್ನದಲ್ಲ. ನನ್ನದು ಬೇಕಿದ್ದರೆ ನನ್ನ ಹೋಮ್ ಡೈರೆಕ್ಟರಿಯಲ್ಲಿ. ಮುಂದಿನ ಹೆಜ್ಜೆಗಳೆಲ್ಲ ಇದನ್ನು ಪಾಲಿಸುವ ದಾರಿಗಳು.

ಒಂದು ಸೂಚನೆ. ಆಜ್ಞೆಗಳನ್ನು ಫೋನಿನಲ್ಲಿ ಹೇಳಿ ಟೈಪ್ ಮಾಡಿಸುವಂತೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ಗೆ ಹಾಕುವಾಗ ಎಂದಿನಂತೆ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಹೊಡೆಯಿರಿ. ಉದಾಹರಣೆಗಳು ಡೆಬಿಯನ್ ಮತ್ತು ಉಬುಂಟು ಕುಟುಂಬದವು. ಫೆಡೋರಾದವರಿಗೆ ಪ್ಯಾಕೇಜ್ ಹೆಸರು ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ.

ಸಿಸ್ಟಮ್ ಪೈಥಾನ್ ಮೇಲೆ ಏನೆಲ್ಲ ನಿಂತಿದೆ

ಫೈರ್‌ವಾಲ್ ನೋಡಿಕೊಳ್ಳುವ ಯುಎಫ್‌ಡಬ್ಲ್ಯೂ ಪೈಥಾನ್‌ನಲ್ಲಿದೆ. ರಾತ್ರೋರಾತ್ರಿ ಭದ್ರತಾ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಪೈಥಾನ್. ಪಿಪಿಎ (ಉಬುಂಟುವಿನ ಹೊರಗಿನ ಪ್ಯಾಕೇಜ್ ಮೂಲ) ಸೇರಿಸುವ ಆ್ಯಡ್-ಆಪ್ಟ್-ರೆಪೊಸಿಟರಿ ಪೈಥಾನ್. ಉಬುಂಟುವಿನಲ್ಲಿ ತಪ್ಪು ಆಜ್ಞೆ ಹೊಡೆದಾಗ "ಇದನ್ನು ಇನ್‌ಸ್ಟಾಲ್ ಮಾಡಬೇಕೇ" ಎಂದು ಕೇಳುವುದೂ ಅದೇ. ಪ್ಯಾಕೇಜ್ ಹಾಕಿ ತೆಗೆಯುವ ಆಪ್ಟ್ ಮಾತ್ರ ಸಿ++ನಲ್ಲಿದೆ ಎಂದು ಸಮಾಧಾನಪಟ್ಟುಕೊಳ್ಳಬಹುದು, ಆದರೆ ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವಾಗ ಮತ್ತು ತೆಗೆಯುವಾಗ ಆಪ್ಟ್ ಓಡಿಸುವ ಪೈ3ಕಂಪೈಲ್, ಪೈ3ಕ್ಲೀನ್ ಎಂಬ ಸ್ಕ್ರಿಪ್ಟ್‌ಗಳು ಮತ್ತೆ ಪೈಥಾನೇ. ಅಂದರೆ ಪೈಥಾನ್ ಕೆಟ್ಟರೆ ಅದನ್ನು ಸರಿಮಾಡುವ ಪ್ಯಾಕೇಜ್ ವ್ಯವಸ್ಥೆಯೂ ಕುಂಟುತ್ತದೆ. ಇನ್ನು "ಹಳೆಯದನ್ನು ತೆಗೆದೇಬಿಡೋಣ" ಎಂದು ಆಪ್ಟ್ ರಿಮೂವ್ ಪೈಥಾನ್3 ಹೊಡೆದರೆ, ತೆಗೆಯಲಿರುವ ಪ್ಯಾಕೇಜ್‌ಗಳ ಪಟ್ಟಿಯಲ್ಲಿ ಅರ್ಧ ಡೆಸ್ಕ್‌ಟಾಪ್ ಇರುತ್ತದೆ. ಪಟ್ಟಿ ಓದದೆ ವೈ ಒತ್ತುವವರಿಗೆ ಇದು ಸಾಕು.

ಈ ತಾಪತ್ರಯ ಡಿಸ್ಟ್ರೋ ಕಟ್ಟುವವರಿಗೂ ಸಾಕುಸಾಕಾಗಿದೆ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಸಿಸ್ಟಮ್ ಉಪಯೋಗಕ್ಕೆಂದೇ ಪ್ಲಾಟ್‌ಫಾರ್ಮ್-ಪೈಥಾನ್ ಎಂಬುದನ್ನು /ಯುಎಸ್‌ಆರ್/ಲಿಬ್‌ಎಕ್ಸೆಕ್ ಒಳಗೆ ಬಚ್ಚಿಟ್ಟರು, ಬಳಕೆದಾರರ ಪೈಥಾನ್ ಬೇರೆ. ಪೈಥಾನ್ ಸಮುದಾಯ ಪೆಪ್ 668 ಎಂಬ ನಿಯಮ ತಂದಿತು. ಅದನ್ನು ಅಳವಡಿಸಿಕೊಂಡ ಡೆಬಿಯನ್ 12, ಉಬುಂಟು 23.04 ಮತ್ತು ನಂತರದವುಗಳಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟ್‌ಗೊಂದು ಪ್ರತ್ಯೇಕ ಪೈಥಾನ್ ಡೈರೆಕ್ಟರಿ, ಮುಂದೆ ವೆನ್ವ್) ಇಲ್ಲದೆ ಪೈಥಾನ್ ಲೈಬ್ರರಿಗಳನ್ನು ಹಾಕುವ ಪಿಪ್ ಇನ್‌ಸ್ಟಾಲ್ ಹೊಡೆದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಎಂದು ಬಾಗಿಲಲ್ಲೇ ತಡೆಯುತ್ತದೆ. ಅದನ್ನು ದಾಟಲು ಒಂದು ಆಯ್ಕೆಯಿದೆ; ಅದರ ಹೆಸರೇ --ಬ್ರೇಕ್-ಸಿಸ್ಟಮ್-ಪ್ಯಾಕೇಜಸ್. ಹೆಸರು ಇಟ್ಟವರು ತಮಾಷೆಗೆ ಇಟ್ಟಿಲ್ಲ.

ಹೆಜ್ಜೆ 1: ಈಗ ಯಾವುದು ಓಡುತ್ತಿದೆ ಎಂದು ತಿಳಿಯಿರಿ

ಏನನ್ನೂ ಹಾಕುವ ಮೊದಲು ಇರುವುದರ ಲೆಕ್ಕ ತೆಗೆಯಿರಿ. ನೀವು ಪೈಥಾನ್3 ಎಂದು ಹೊಡೆದಾಗ ಶೆಲ್ (ನಿಮ್ಮ ಆಜ್ಞೆ ಓದಿ ಓಡಿಸುವ ಪ್ರೋಗ್ರಾಂ) ಮಾಡುವುದು ಬಹಳ ಸರಳ ಕೆಲಸ: ಪಾತ್ ಎಂಬ ವೇರಿಯಬಲ್‌ನಲ್ಲಿ ಕೋಲನ್‌ಗಳ ನಡುವೆ ಬರೆದಿರುವ ಡೈರೆಕ್ಟರಿಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ತಡಕುತ್ತದೆ, ಆ ಹೆಸರಿನ ಮೊದಲ ಕಡತ ಸಿಕ್ಕಲ್ಲಿ ನಿಲ್ಲುತ್ತದೆ. ಅಷ್ಟೇ. ಈ ಲೋಕದ ಎಲ್ಲ ಆವೃತ್ತಿ ನಿರ್ವಾಹಕಗಳೂ (ಹಲವು ಆವೃತ್ತಿ ಹಾಕಿ ಬದಲಿಸಿಕೊಡುವ ಸಲಕರಣೆಗಳು) ಮಾಡುವುದು ಆ ಸಾಲಿನ ಎಡತುದಿಯಲ್ಲಿ ತಮ್ಮದೊಂದು ಡೈರೆಕ್ಟರಿ ತೂರಿಸುವುದನ್ನು.

ಈ ನಾಲ್ಕು ಆಜ್ಞೆಗಳು ನಿಮ್ಮ ಟಾರ್ಚು:

ಎಕೊ $ಪಾತ್ (ಇಲ್ಲಿ ಪಾತ್ ಮಾತ್ರ ದೊಡ್ಡಕ್ಷರ)
ಟೈಪ್ -ಎ ಪೈಥಾನ್3
ರೀಡ್‌ಲಿಂಕ್ -ಎಫ್ /ಯುಎಸ್‌ಆರ್/ಬಿನ್/ಪೈಥಾನ್3
ಡಿಪಿಕೆಜಿ -ಎಸ್ /ಯುಎಸ್‌ಆರ್/ಬಿನ್/ಪೈಥಾನ್3 (ಇಲ್ಲಿ ಎಸ್ ದೊಡ್ಡಕ್ಷರ)

ವಿಚ್ ಆಜ್ಞೆಯ ಬದಲು ಟೈಪ್ -ಎ ಏಕೆಂದರೆ ಅದು ಗೆದ್ದವನ ಜೊತೆ ಸೋತವರನ್ನೂ ತೋರಿಸುತ್ತದೆ; ಏಲಿಯಸ್, ಶೆಲ್ ಫಂಕ್ಷನ್‌ಗಳನ್ನೂ ಬಿಡುವುದಿಲ್ಲ. ಪಟ್ಟಿಯಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಒಳಗಿನ ಪೈಥಾನ್ ಕಂಡರೆ ಹಿಂದೆ ಯಾರೋ ಸೋರ್ಸ್‌ನಿಂದ ಕಂಪೈಲ್ ಮಾಡಿದ್ದಾರೆ ಎಂದರ್ಥ. ಸಾಮಾನ್ಯವಾಗಿ ಆ ಯಾರೋ ನೀವೇ, ಎರಡು ವರ್ಷದ ಹಿಂದೆ.

ಡಿಪಿಕೆಜಿ ಆಜ್ಞೆ ಆ ಕಡತದ ಮಾಲೀಕ ಪ್ಯಾಕೇಜ್ ಯಾವುದೆಂದು ಹೇಳುತ್ತದೆ. ಇಲ್ಲಿ ಪೈಥಾನ್3-ಮಿನಿಮಲ್ ಎಂಬ ಉತ್ತರ ಬರಬೇಕು. ರೀಡ್‌ಲಿಂಕ್ ಕೊಂಡಿಯ ಕೊನೆ ಎಲ್ಲಿದೆ ಎಂದು ತೋರಿಸುತ್ತದೆ: ಉಬುಂಟು 22.04ರಲ್ಲಿ ಪೈಥಾನ್3.10, 24.04ರಲ್ಲಿ ಪೈಥಾನ್3.12, ಡೆಬಿಯನ್ 12ರಲ್ಲಿ ಪೈಥಾನ್3.11. ಬೇರೆ ಏನಾದರೂ ಕಂಡರೆ ಮುಂದೆ ಹೋಗದೆ ಕೊನೆಯ ಭಾಗಕ್ಕೆ ಹಾರಿ ಮೊದಲು ರಿಪೇರಿ ಮಾಡಿ.

ಬ್ಯಾಷ್ ಎಂಬ ಶೆಲ್‌ನ ಒಂದು ಕಿರುಕುಳ ಇಲ್ಲೇ ಹೇಳಿಬಿಡುತ್ತೇನೆ. ಒಮ್ಮೆ ಹುಡುಕಿದ ಆಜ್ಞೆಯ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಹೊಸ ಆವೃತ್ತಿ ಸರಿಯಾಗಿಯೇ ಹಾಕಿದ್ದೀರಿ, ಆದರೂ ಹಳೆಯದೇ ಓಡುತ್ತದೆ. ತಲೆ ಕೆಡಿಸಿಕೊಳ್ಳುವ ಮೊದಲು ಹ್ಯಾಷ್ -ಆರ್ ಎಂದು ಹೊಡೆಯಿರಿ, ಅಥವಾ ಹೊಸ ಟರ್ಮಿನಲ್ ತೆರೆಯಿರಿ.

ಹೆಜ್ಜೆ 2: ಯಾವುದು ಎಲ್ಲಿ ಇರಬೇಕು

ಲಿನಕ್ಸ್‌ನಲ್ಲಿ ಈ ವಿಷಯಕ್ಕೆ ಮೂರು ಮನೆಗಳು. /ಯುಎಸ್‌ಆರ್/ಬಿನ್ ಡಿಸ್ಟ್ರೋದ್ದು, ಅಲ್ಲಿಗೆ ಆಪ್ಟ್ ಮಾತ್ರ ಹೋಗಬೇಕು. /ಯುಎಸ್‌ಆರ್/ಲೋಕಲ್ ಯಂತ್ರದ ಅಡ್ಮಿನ್‌ಗೆ ಬಿಟ್ಟದ್ದು. ನಿಮ್ಮ ಹೋಮ್ ನಿಮ್ಮದು.

/ಯುಎಸ್‌ಆರ್/ಲೋಕಲ್ ಅಪಾಯವಿಲ್ಲದ ಜಾಗ ಎಂದು ಹಲವರು ನಂಬುತ್ತಾರೆ. ಪೂರ್ತಿ ನಿಜವಲ್ಲ. ಪಾತ್‌ನಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಡಿಸ್ಟ್ರೋದ ಬಿನ್‌ಗಿಂತ ಮುಂದೆ ಬರುತ್ತದೆ. ಸೋರ್ಸ್ ಇಳಿಸಿಕೊಂಡು ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂಬ ಆಜ್ಞೆ) ಮೇಕ್ ಇನ್‌ಸ್ಟಾಲ್ ಹೊಡೆದರೆ ಅಲ್ಲಿ ಪೈಥಾನ್3 ಎಂಬ ಹೆಸರಿನಲ್ಲೇ ಕಡತ ಕೂರುತ್ತದೆ, ಮೊದಲ ಸಾಲಿನಲ್ಲಿ /ಯುಎಸ್‌ಆರ್/ಬಿನ್/ಎನ್ವ್ ಪೈಥಾನ್3 ಎಂದಿರುವ ಪ್ರತಿಯೊಂದು ಸ್ಕ್ರಿಪ್ಟೂ ಅದನ್ನೇ ಹಿಡಿಯುತ್ತದೆ, ಎಲ್ಲ ಬಳಕೆದಾರರಿಗೂ. ಕಂಪೈಲ್ ಮಾಡಿ ಅಲ್ಲೇ ಹಾಕಲೇಬೇಕಾದ ಅನಿವಾರ್ಯ ಇದ್ದರೆ ಮೇಕ್ ಆಲ್ಟ್‌ಇನ್‌ಸ್ಟಾಲ್ ಬಳಸಿ, ಅದು ಪೈಥಾನ್3.12 ಎಂದು ಪೂರ್ಣ ಹೆಸರಿನಲ್ಲಿ ಮಾತ್ರ ಹಾಕುತ್ತದೆ, ಪೈಥಾನ್3 ಎಂಬ ಹೆಸರಿನ ಮೇಲೆ ಕೂರುವುದಿಲ್ಲ.

ನನ್ನ ಸಲಹೆ ಹೋಮ್. ಸುಡೊ ಬೇಡ, ಬೇರೆ ಬಳಕೆದಾರರಿಗೆ ತೊಂದರೆಯಿಲ್ಲ, ಕೆಟ್ಟರೆ ಡೈರೆಕ್ಟರಿ ಅಳಿಸಿದರಾಯಿತು. ಒಂದು ಒರೆಗಲ್ಲು ಇಟ್ಟುಕೊಳ್ಳಿ: ಭಾಷೆಯ ಆವೃತ್ತಿ ಹಾಕಲು ಯಾವುದೋ ಬರಹ ಸುಡೊ ಕೇಳುತ್ತಿದ್ದರೆ ಎರಡು ನಿಮಿಷ ನಿಂತು ಏಕೆ ಎಂದು ಕೇಳಿಕೊಳ್ಳಿ. ಕಂಪೈಲ್‌ಗೆ ಬೇಕಾದ ಲೈಬ್ರರಿಗಳಿಗಾದರೆ ಸರಿ. ಪಿಪ್‌ಗೋ ಜಾವಾಸ್ಕ್ರಿಪ್ಟ್ ಲೋಕದ ಪಿಪ್ ಆದ ಎನ್‌ಪಿಎಂಗೋ ಆದರೆ ಆ ಬರಹವನ್ನು ಮುಚ್ಚಿ.

ಹೆಜ್ಜೆ 3: ಒಂದೇ ನಿರ್ವಾಹಕ ಆರಿಸಿ

ಎರಡು ಬಗೆಯ ನಿರ್ವಾಹಕಗಳಿವೆ. ಒಂದು ಭಾಷೆಯನ್ನಷ್ಟೇ ನೋಡಿಕೊಳ್ಳುವವು: ಪೈಥಾನ್‌ಗೆ ಪೈಎನ್ವ್ ಅಥವಾ ಯುವಿ, ನೋಡ್‌ಗೆ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವುದು) ಎನ್‌ವಿಎಂ ಅಥವಾ ಎಫ್‌ಎನ್‌ಎಂ, ರೂಬಿಗೆ ಆರ್‌ಬಿಎನ್ವ್, ಜಾವಾಗೆ ಎಸ್‌ಡಿಕೆಮ್ಯಾನ್. ಇನ್ನೊಂದು ಬಗೆ ಎಲ್ಲ ಭಾಷೆಗಳನ್ನೂ ಒಂದೇ ಕಡೆ ಹಿಡಿಯುವವು: ಎಎಸ್‌ಡಿಎಫ್ ಮತ್ತು ಮೀಝ್.

ಇವುಗಳ ಒಳಗಿನ ತಂತ್ರವೂ ಎರಡು ಬಗೆ. ಪೈಎನ್ವ್, ಆರ್‌ಬಿಎನ್ವ್, ಎಎಸ್‌ಡಿಎಫ್ ಶಿಮ್ ಬಳಸುತ್ತವೆ. ಶಿಮ್ ಎಂದರೆ ಪೈಥಾನ್ ಎಂಬ ಹೆಸರಿನ ಒಂದು ಹುಸಿ ಕಡತ. ಅದನ್ನು ಕರೆದಾಗ ನೀವಿರುವ ಡೈರೆಕ್ಟರಿ ನೋಡಿ ನಿಜವಾದ ಆವೃತ್ತಿಗೆ ಕೆಲಸ ದಾಟಿಸುತ್ತದೆ. ಎನ್‌ವಿಎಂ ಮತ್ತು ಮೀಝ್ ಸಾಮಾನ್ಯವಾಗಿ ಪಾತ್ ಅನ್ನೇ ಬದಲಿಸುತ್ತವೆ. ಶಿಮ್‌ನ ತೊಡಕು ಏನೆಂದರೆ ಟೈಪ್ ಆಜ್ಞೆ ಶಿಮ್‌ನ ಜಾಗವನ್ನೇ ತೋರಿಸುತ್ತದೆ, ನಿಜವಾದ ಕಡತವನ್ನಲ್ಲ. ಅದಕ್ಕೆ ಪೈಎನ್ವ್ ವಿಚ್ ಪೈಥಾನ್ ಎಂದು ಕೇಳಬೇಕು.

ಒಂದೆರಡು ಭಾಷೆಗಳಾದರೆ ಆಯಾ ಭಾಷೆಯದ್ದೇ ಸಲಕರಣೆ ಹಾಕಿ. ಮೂರು ದಾಟಿದರೆ ಮೀಝ್ ಹಾಕಿ. ನಾನು ಎಎಸ್‌ಡಿಎಫ್‌ನಿಂದ ಅದಕ್ಕೆ ಬಂದೆ, ಹಳೆಯ .ಟೂಲ್-ವರ್ಷನ್ಸ್ ಕಡತಗಳನ್ನು ಅದು ಹಾಗೇ ಓದಿತು. ಆದರೆ ಒಂದೇ ಭಾಷೆಗೆ ಎರಡು ನಿರ್ವಾಹಕಗಳನ್ನು ಮಾತ್ರ ಇಡಬೇಡಿ. ಪೈಎನ್ವ್ ಇರುವ ಕಡೆ ಮೀಝ್‌ಗೂ ಪೈಥಾನ್ ಕೊಟ್ಟರೆ .ಬ್ಯಾಷ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಬ್ಯಾಷ್ ಓದುವ ಕಡತ) ಯಾರ ಸಾಲು ಕೊನೆಗೆ ಬಂದಿದೆಯೋ ಅವರ ಮಾತು ನಡೆಯುತ್ತದೆ, ಮತ್ತು ಅದು ನಿಮಗೆ ನೆನಪಿರುವುದಿಲ್ಲ.

ಇನ್‌ಸ್ಟಾಲ್ ಮಾಡುವ ಬಗ್ಗೆ: ಇವುಗಳಲ್ಲಿ ಹೆಚ್ಚಿನವು ಕರ್ಲ್‌ನಿಂದ ಇಳಿಸಿ ನೇರವಾಗಿ ಬ್ಯಾಷ್‌ಗೆ ಸುರಿಯುವ ಒಂದು ಸಾಲನ್ನು ಕೊಡುತ್ತವೆ. ಹಾಗೆ ಸುರಿಯಬೇಡಿ. ಸ್ಕ್ರಿಪ್ಟನ್ನು ಕಡತಕ್ಕೆ ಇಳಿಸಿ, ಲೆಸ್‌ನಲ್ಲಿ ತೆರೆದು ಓದಿ, ಆಮೇಲೆ ಓಡಿಸಿ. ಪೂರ್ತಿ ಅರ್ಥವಾಗದಿದ್ದರೂ ಎರಡು ವಿಷಯ ಕಣ್ಣಿಗೆ ಬಿದ್ದೇ ಬೀಳುತ್ತವೆ: ಎಲ್ಲಿ ಬರೆಯುತ್ತದೆ, ಸುಡೊ ಕೇಳುತ್ತದೆಯೇ. ಓಡಿಸುವ ಮೊದಲು .ಬ್ಯಾಷ್‌ಆರ್‌ಸಿಯ ಒಂದು ಪ್ರತಿ ತೆಗೆದಿಡಿ, ಏಕೆಂದರೆ ಇವು ಕೇಳದೆಯೇ ಅದರ ಬಾಲಕ್ಕೆ ಸಾಲುಗಳನ್ನು ಅಂಟಿಸುತ್ತವೆ.

ಹೆಜ್ಜೆ 4: ಪೈಥಾನ್

ಪೈಎನ್ವ್ ಪೈಥಾನ್ ಅನ್ನು ಸೋರ್ಸ್‌ನಿಂದ ನಿಮ್ಮ ಯಂತ್ರದಲ್ಲೇ ಕಟ್ಟುತ್ತದೆ. ಆದ್ದರಿಂದ ಮೊದಲು ಕಟ್ಟಲು ಬೇಕಾದ ಸಾಮಾನು:

ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಲಿಬ್‌ಎಸ್‌ಎಸ್‌ಎಲ್-ಡೆವ್ ಝಡ್‌ಲಿಬ್1ಜಿ-ಡೆವ್ ಲಿಬ್‌ಬಿಝಡ್2-ಡೆವ್ ಲಿಬ್‌ರೀಡ್‌ಲೈನ್-ಡೆವ್ ಲಿಬ್‌ಎಸ್‌ಕ್ಯೂಲೈಟ್3-ಡೆವ್ ಲಿಬ್‌ಎಫ್‌ಎಫ್‌ಐ-ಡೆವ್ ಲಿಬ್‌ಎಲ್‌ಝಡ್‌ಎಂಎ-ಡೆವ್

ಇಲ್ಲಿ ಅವಸರ ಮಾಡಿದವರು ಆಮೇಲೆ ಅನುಭವಿಸುತ್ತಾರೆ. ಎಸ್‌ಎಸ್‌ಎಲ್ ಇಲ್ಲದಿದ್ದರೆ ಕಟ್ಟುವುದೇ ನಿಲ್ಲುತ್ತದೆ, ಅದು ಒಳ್ಳೆಯದು. ಎಲ್‌ಝಡ್‌ಎಂಎ ಅಥವಾ ಎಸ್‌ಕ್ಯೂಲೈಟ್ ಇಲ್ಲದಿದ್ದರೆ ಹಾಗಲ್ಲ; ಒಂದು ಎಚ್ಚರಿಕೆಯ ಸಾಲು ಬಂದು ಮೇಲಕ್ಕೆ ಸರಿದುಹೋಗುತ್ತದೆ, ಪೈಥಾನ್ ಕಟ್ಟಿ ಮುಗಿಯುತ್ತದೆ, ವಾರಗಳ ನಂತರ ಯಾವುದೋ ಲೈಬ್ರರಿ ಇಂಪೋರ್ಟ್ ಆಗದೆ ಕೂರುತ್ತದೆ. ಆಗ ಲೈಬ್ರರಿಯನ್ನು ಮತ್ತೆ ಮತ್ತೆ ಹಾಕಿ ಪ್ರಯೋಜನವಿಲ್ಲ, ಡೆವ್ ಪ್ಯಾಕೇಜ್ ಹಾಕಿ ಪೈಥಾನ್ ಅನ್ನೇ ಹೊಸದಾಗಿ ಕಟ್ಟಬೇಕು.

ಬಳಕೆ ಇಷ್ಟು:

ಪೈಎನ್ವ್ ಇನ್‌ಸ್ಟಾಲ್ 3.11
ಪ್ರಾಜೆಕ್ಟ್ ಡೈರೆಕ್ಟರಿಗೆ ಹೋಗಿ: ಪೈಎನ್ವ್ ಲೋಕಲ್ 3.11
ಪೈಥಾನ್ -ಎಂ ವೆನ್ವ್ .ವೆನ್ವ್
ಸೋರ್ಸ್ .ವೆನ್ವ್/ಬಿನ್/ಆ್ಯಕ್ಟಿವೇಟ್

ಲೋಕಲ್ ಎಂದಾಗ ಆ ಡೈರೆಕ್ಟರಿಯಲ್ಲಿ .ಪೈಥಾನ್-ವರ್ಷನ್ ಎಂಬ ಕಡತ ಹುಟ್ಟುತ್ತದೆ. ಒಳಗೆ ಆವೃತ್ತಿ ಸಂಖ್ಯೆಯ ಒಂದು ಸಾಲು, ಬೇರೇನಿಲ್ಲ. ಈ ಡೈರೆಕ್ಟರಿಯೊಳಗೆ ಇರುವಷ್ಟು ಹೊತ್ತು 3.11, ಹೊರಗೆ ಬಂದರೆ ಮೊದಲಿನದು.

ಪೈಎನ್ವ್ ಗ್ಲೋಬಲ್ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಹೆಚ್ಚಿನ ಪಾಠಗಳು ಹೊಸ ಆವೃತ್ತಿ ಹಾಕಿದ ತಕ್ಷಣ ಗ್ಲೋಬಲ್ ಮಾಡಲು ಹೇಳುತ್ತವೆ. ಅದು ನಿಮ್ಮ ಶೆಲ್‌ಗೆ ಮಾತ್ರ ಸೀಮಿತ, ಹಾಗಾಗಿ ನನ್ನ 18.04 ಕಥೆಯ ಮಟ್ಟದ ಅನಾಹುತ ಆಗುವುದಿಲ್ಲ. ಆದರೆ ಡಿಸ್ಟ್ರೋದ ಅಥವಾ ಬೇರೆಯವರ ಸ್ಕ್ರಿಪ್ಟ್ ಒಂದು /ಯುಎಸ್‌ಆರ್/ಬಿನ್/ಎನ್ವ್ ಪೈಥಾನ್3 ಎಂದು ಶುರುವಾಗಿದ್ದರೆ, ಅದನ್ನು ನಿಮ್ಮ ಟರ್ಮಿನಲ್‌ನಿಂದ ಓಡಿಸಿದಾಗ ಆಪ್ಟ್ ಹಾಕಿದ ಮಾಡ್ಯೂಲ್‌ಗಳು ಸಿಗುವುದಿಲ್ಲ. ನಾನು ಪೈಎನ್ವ್ ಗ್ಲೋಬಲ್ ಸಿಸ್ಟಮ್ ಎಂದೇ ಇಟ್ಟಿದ್ದೇನೆ. ಪ್ರಾಜೆಕ್ಟ್‌ಗೆ ಪ್ರಾಜೆಕ್ಟ್‌ನ ಆವೃತ್ತಿ, ಹೊರಗೆ ಡಿಸ್ಟ್ರೋದ್ದು.

ನಿರ್ವಾಹಕ ಇದ್ದರೂ ವೆನ್ವ್ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಪೈಎನ್ವ್ ಆರಿಸುವುದು ಪೈಥಾನ್ ಅನ್ನು. ಆ ಪೈಥಾನ್‌ನೊಳಗೆ ಯಾವ ಜಾಂಗೋ, ಯಾವ ನಮ್‌ಪೈ ಎಂದು ಬೇರೆ ಮಾಡುವುದು ವೆನ್ವ್. ಮತ್ತು ವೆನ್ವ್ ಡೈರೆಕ್ಟರಿಯನ್ನು ಎತ್ತಿ ಬೇರೆ ಕಡೆ ಇಡಲಾಗದು, ಏಕೆಂದರೆ ಅದರೊಳಗಿನ ಪಿಪ್ ಮುಂತಾದ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ಪೂರ್ಣ ದಾರಿ ಬರೆದಿರುತ್ತದೆ. ಪ್ರಾಜೆಕ್ಟ್ ಹೆಸರು ಬದಲಿಸಿದರೆ ವೆನ್ವ್ ಅಳಿಸಿ ಮತ್ತೆ ಮಾಡಿ. ಸಿಸ್ಟಮ್ ಪೈಥಾನ್‌ನಿಂದಲೇ ವೆನ್ವ್ ಮಾಡುವುದಾದರೆ ಡೆಬಿಯನ್, ಉಬುಂಟುಗಳಲ್ಲಿ ಪೈಥಾನ್3-ವೆನ್ವ್ ಎಂಬ ಬೇರೆ ಪ್ಯಾಕೇಜ್ ಹಾಕಬೇಕಾಗುತ್ತದೆ.

ಹೊಸ ಯಂತ್ರಗಳಲ್ಲಿ ಈಗ ನಾನು ಹಾಕುವುದು ಯುವಿ. ಅದು ಕಟ್ಟುವುದಿಲ್ಲ, ಮೊದಲೇ ಕಟ್ಟಿಟ್ಟ ಪೈಥಾನ್ ಅನ್ನು ಇಳಿಸುತ್ತದೆ. ಮೇಲಿನ ಡೆವ್ ಪ್ಯಾಕೇಜ್‌ಗಳ ರಗಳೆಯೇ ಇಲ್ಲ. ಯುವಿ ಪೈಥಾನ್ ಇನ್‌ಸ್ಟಾಲ್ 3.11, ಆಮೇಲೆ ಯುವಿ ವೆನ್ವ್ --ಪೈಥಾನ್ 3.11. ಯುವಿ ಪೈಥಾನ್ ಪಿನ್ ಬರೆಯುವುದೂ ಅದೇ .ಪೈಥಾನ್-ವರ್ಷನ್ ಕಡತವನ್ನು, ಹಾಗಾಗಿ ತಂಡದಲ್ಲಿ ಒಬ್ಬರು ಪೈಎನ್ವ್, ಇನ್ನೊಬ್ಬರು ಯುವಿ ಬಳಸಿದರೂ ಜಗಳವಿಲ್ಲ.

ಹೆಜ್ಜೆ 5: ನೋಡ್

ಎನ್‌ವಿಎಂ ಒಂದು ಪ್ರೋಗ್ರಾಂ ಅಲ್ಲ, ಶೆಲ್ ಫಂಕ್ಷನ್. ವಿಚ್ ಎನ್‌ವಿಎಂ ಎಂದರೆ ಏನೂ ಸಿಗುವುದಿಲ್ಲ. ಇನ್‌ಸ್ಟಾಲ್ ಆಗಿಲ್ಲ ಎಂದು ಮತ್ತೆ ಮತ್ತೆ ಹಾಕುವವರನ್ನು ನೋಡಿದ್ದೇನೆ. ಕಮಾಂಡ್ -ವಿ ಎನ್‌ವಿಎಂ ಎಂದು ಕೇಳಿ, ಎನ್‌ವಿಎಂ ಎಂದೇ ಉತ್ತರ ಬಂದರೆ ಸರಿಯಿದೆ.

ಎನ್‌ವಿಎಂ ಇನ್‌ಸ್ಟಾಲ್ 22
ಎನ್‌ವಿಎಂ ಏಲಿಯಸ್ ಡಿಫಾಲ್ಟ್ 22
ಪ್ರಾಜೆಕ್ಟ್‌ನಲ್ಲಿ .ಎನ್‌ವಿಎಂಆರ್‌ಸಿ ಕಡತ, ಒಳಗೆ 22

ಎನ್‌ವಿಎಂ ಯೂಸ್ ಆ ಒಂದು ಟರ್ಮಿನಲ್‌ಗೆ ಮಾತ್ರ. ಪಕ್ಕದ ಟ್ಯಾಬ್‌ನಲ್ಲಿ ಡಿಫಾಲ್ಟ್ ಏನಿದೆಯೋ ಅದೇ. ಪೈಎನ್ವ್‌ನಂತೆ ಡೈರೆಕ್ಟರಿಗೆ ಕಾಲಿಟ್ಟ ಕೂಡಲೇ ಬದಲಾಗುವುದಿಲ್ಲ, ಒಳಗೆ ಹೋಗಿ ಎನ್‌ವಿಎಂ ಯೂಸ್ ಹೊಡೆಯಬೇಕು. ಮತ್ತೊಂದು: ಎನ್‌ಪಿಎಂ -ಜಿ ಮೂಲಕ ಹಾಕಿದ ಗ್ಲೋಬಲ್ ಪ್ಯಾಕೇಜ್‌ಗಳು ಆಯಾ ನೋಡ್ ಆವೃತ್ತಿಗೆ ಅಂಟಿಕೊಂಡಿರುತ್ತವೆ. 20ರಿಂದ 22ಕ್ಕೆ ಹೋದಾಗ ಟೈಪ್‌ಸ್ಕ್ರಿಪ್ಟ್ ಮಾಯವಾಯಿತು ಎಂದು ಗಾಬರಿ ಬೇಡ; ಇನ್‌ಸ್ಟಾಲ್ ಆಜ್ಞೆಗೆ --ರೀಇನ್‌ಸ್ಟಾಲ್-ಪ್ಯಾಕೇಜಸ್-ಫ್ರಮ್=20 ಸೇರಿಸಿದರೆ ಹಳೆಯವು ಜೊತೆಯಲ್ಲೇ ಬರುತ್ತವೆ.

ಆವೃತ್ತಿ ಆರಿಸುವಾಗ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲವಿರುವುದು) ನೋಡಿ. 18, 20, 22 ಮೂರೂ ಎಲ್‌ಟಿಎಸ್; ನಡುವಿನ 19, 21 ಆರೇಳು ತಿಂಗಳ ಅತಿಥಿಗಳು. 18ರ ಬೆಂಬಲ 2025ರ ಏಪ್ರಿಲ್‌ನಲ್ಲೇ ಮುಗಿದಿದೆ.

ಸುಡೊ ಎನ್‌ಪಿಎಂ ಇನ್‌ಸ್ಟಾಲ್ -ಜಿ ಬೇಡವೇ ಬೇಡ. ಪ್ಯಾಕೇಜ್ ಜೊತೆ ಬರುವ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳಿಗೆ ರೂಟ್ ಬಾಗಿಲು ತೆರೆಯುವುದು ಒಂದು. ಎಷ್ಟೋ ಸಲ ರೂಟ್ ಒಡೆತನದ ಕಡತಗಳು ಉಳಿದು ಮುಂದೆ ಸುಡೊ ಇಲ್ಲದೆ ಏನೂ ನಡೆಯದಂತಾಗುವುದು ಇನ್ನೊಂದು.

ಹೆಜ್ಜೆ 6: ಜಾವಾ ಮತ್ತು ಉಳಿದವು

ಜಾವಾದಲ್ಲಿ ಲೆಕ್ಕ ಬೇರೆ. ಡಿಸ್ಟ್ರೋದ ಮುಖ್ಯ ಸಲಕರಣೆಗಳು ಜಾವಾ ಮೇಲೆ ನಿಂತಿಲ್ಲ, ಮತ್ತು ಪ್ಯಾಕೇಜ್‌ಗಳನ್ನೇ ಅಕ್ಕಪಕ್ಕ ಕೂರುವಂತೆ ಮಾಡಿದ್ದಾರೆ. ಎಲ್ಲವೂ /ಯುಎಸ್‌ಆರ್/ಲಿಬ್/ಜೆವಿಎಂ ಒಳಗೆ ಪ್ರತ್ಯೇಕ ಡೈರೆಕ್ಟರಿಗಳಲ್ಲಿ. ಹಾಗಾಗಿ ಪೈಥಾನ್‌ಗೆ ಬೇಡವೆಂದ ಅಪ್‌ಡೇಟ್-ಆಲ್ಟರ್‌ನೇಟಿವ್ಸ್ ಇಲ್ಲಿ ಧಾರಾಳವಾಗಿ ಬಳಸಿ.

ಒಂದೇ ಹಳ್ಳ: ಜಾವಾ ಮತ್ತು ಜಾವಾಸಿ ಎರಡು ಬೇರೆ ಆಲ್ಟರ್‌ನೇಟಿವ್‌ಗಳು. ಜಾವಾ ಮಾತ್ರ 17ಕ್ಕೆ ತಿರುಗಿಸಿ ಕಂಪೈಲರ್ 21ರಲ್ಲೇ ಉಳಿದರೆ, ಕಂಪೈಲ್ ಆದದ್ದನ್ನು ಓಡಿಸುವಾಗ ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಷನ್‌ಎರರ್ ಬರುತ್ತದೆ. ಆ ಎರರ್‌ನಲ್ಲಿರುವ ಸಂಖ್ಯೆಗಳು ಗೂಢಲಿಪಿಯಲ್ಲ: 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ. ಎಲ್ಲವನ್ನೂ ಒಟ್ಟಿಗೆ ತಿರುಗಿಸಲು ಅಪ್‌ಡೇಟ್-ಜಾವಾ-ಆಲ್ಟರ್‌ನೇಟಿವ್ಸ್ ಇದೆ. ಅದಾದ ಮೇಲೂ ಜಾವಾ ಪ್ರಾಜೆಕ್ಟ್ ಕಟ್ಟುವ ಮೇವನ್ ಅಥವಾ ಗ್ರೇಡಲ್ ಹಳೆಯದನ್ನೇ ಹಿಡಿದರೆ ಜಾವಾ_ಹೋಮ್ (ಪೂರ್ತಿ ದೊಡ್ಡಕ್ಷರ) ವೇರಿಯಬಲ್ ನೋಡಿ. ಅವು ಮೊದಲು ನಂಬುವುದು ಅದನ್ನು.

ರಸ್ಟ್‌ನವರು ಪುಣ್ಯವಂತರು, ರಸ್ಟ್‌ಅಪ್ ಮೊದಲಿನಿಂದಲೂ ಸರಿಯಾಗಿದೆ. ಪ್ರಾಜೆಕ್ಟ್‌ನಲ್ಲಿ ರಸ್ಟ್-ಟೂಲ್‌ಚೈನ್.ಟಾಮ್ಲ್ ಇಟ್ಟರೆ ಮುಗಿಯಿತು; ಒಂದು ಸಲಕ್ಕೆ ಮಾತ್ರ ಬೇಕಿದ್ದರೆ ಕಾರ್ಗೋ +ನೈಟ್ಲಿ ಬಿಲ್ಡ್. ಗೋ ಭಾಷೆಯಲ್ಲಿ 1.21ರಿಂದ ಈ ಕೆಲಸ ಒಳಗೇ ಸೇರಿದೆ: ಗೋ.ಮಾಡ್ ಕಡತ ಹೆಚ್ಚಿನ ಆವೃತ್ತಿ ಕೇಳಿದರೆ ಗೋ ತಾನೇ ಅದನ್ನು ಇಳಿಸಿಕೊಂಡು ಓಡಿಸುತ್ತದೆ. ರೂಬಿಗೆ ಆರ್‌ಬಿಎನ್ವ್, ಪೈಎನ್ವ್‌ನಂತೆಯೇ. ಪೈಎನ್ವ್ ಹುಟ್ಟಿದ್ದೇ ಅದರ ಕೋಡ್‌ನಿಂದ.

ಹೆಜ್ಜೆ 7: ಟರ್ಮಿನಲ್ ಆಚೆ ಏನಾಗುತ್ತದೆ

ಎಲ್ಲರೂ ಎಡವುವುದು ಇಲ್ಲಿ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಚೆನ್ನಾಗಿ ಓಡುತ್ತದೆ. ಅದನ್ನೇ ಕ್ರಾನ್‌ಟ್ಯಾಬ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿ) ಹಾಕಿ ಮಲಗುತ್ತೀರಿ. ಬೆಳಿಗ್ಗೆ ನೋಡಿದರೆ "ನೋ ಮಾಡ್ಯೂಲ್ ನೇಮ್ಡ್ ರಿಕ್ವೆಸ್ಟ್ಸ್". ಮಾಡ್ಯೂಲ್ ಇದೆ, ರಾತ್ರಿ ನೀವೇ ಹಾಕಿದ್ದು.

ಕ್ರಾನ್ ನಿಮ್ಮ .ಬ್ಯಾಷ್‌ಆರ್‌ಸಿಯನ್ನು ಓದುವುದೇ ಇಲ್ಲ. ಡೆಬಿಯನ್‌ನಲ್ಲಿ ಅದಕ್ಕೆ ಗೊತ್ತಿರುವ ಪಾತ್ /ಯುಎಸ್‌ಆರ್/ಬಿನ್ ಮತ್ತು /ಬಿನ್, ಎರಡೇ. ಪೈಎನ್ವ್ ಇಲ್ಲ, ಎನ್‌ವಿಎಂ ಇಲ್ಲ, ಸಿಕ್ಕಿದ್ದು ಡಿಸ್ಟ್ರೋದ ಪೈಥಾನ್. ಪರೀಕ್ಷಿಸಬೇಕೆಂದರೆ ಕ್ರಾನ್‌ಟ್ಯಾಬ್‌ನಲ್ಲಿ ಪ್ರತಿ ನಿಮಿಷಕ್ಕೆ ಎನ್ವ್ ಆಜ್ಞೆ ಓಡಿಸಿ ಉತ್ತರವನ್ನು /ಟಿಎಂಪಿ ಒಳಗಿನ ಕಡತಕ್ಕೆ ಬರೆಸಿ ನೋಡಿ. ಎಂಟ್ಹತ್ತು ಸಾಲೂ ಇರುವುದಿಲ್ಲ.

ಪರಿಹಾರ ಸರಳ: ವೆನ್ವ್‌ನ ಪೈಥಾನ್‌ಗೆ ಪೂರ್ಣ ದಾರಿ ಕೊಡಿ. ಹೋಮ್‌ನಿಂದ ಶುರುವಾಗಿ .ವೆನ್ವ್/ಬಿನ್/ಪೈಥಾನ್ ವರೆಗೆ, ಆಮೇಲೆ ಸ್ಕ್ರಿಪ್ಟ್‌ನ ಪೂರ್ಣ ದಾರಿ. ಆ್ಯಕ್ಟಿವೇಟ್ ಮಾಡುವ ಅಗತ್ಯವೇ ಇಲ್ಲ. ಆ ಪೈಥಾನ್‌ಗೆ ತನ್ನ ಮನೆ ಯಾವುದೆಂದು ಗೊತ್ತು. ಸಿಸ್ಟಮ್‌ಡಿ ಸರ್ವಿಸ್‌ನ ಎಕ್ಸೆಕ್‌ಸ್ಟಾರ್ಟ್‌ಗೂ ಇದೇ ಮದ್ದು. ನೋಡ್‌ಗಾದರೆ ಎನ್‌ವಿಎಂ ಡೈರೆಕ್ಟರಿಯೊಳಗಿನ ಆ ಆವೃತ್ತಿಯ ನೋಡ್ ಕಡತದ ದಾರಿ. ಆವೃತ್ತಿ ಏರಿಸಿದಾಗ ಈ ಸಾಲನ್ನೂ ಬದಲಿಸಬೇಕು ಎಂಬುದು ತಲೆಯಲ್ಲಿರಲಿ.

ಸುಡೊ ಕೂಡ ಇದೇ ಜಾತಿ. ಉಬುಂಟುವಿನಲ್ಲಿ ಅದು ಸೆಕ್ಯೂರ್_ಪಾತ್ ಎಂಬ ತನ್ನದೇ ಪಟ್ಟಿ ಬಳಸುತ್ತದೆ, ನಿಮ್ಮದನ್ನು ಪಕ್ಕಕ್ಕಿಡುತ್ತದೆ. ಸುಡೊ ಪೈಥಾನ್3 ಎಂದರೆ ವೆನ್ವ್ ಆ್ಯಕ್ಟಿವೇಟ್ ಆಗಿದ್ದರೂ ಸಿಸ್ಟಮ್‌ದೇ ಓಡುತ್ತದೆ. ಡೆಸ್ಕ್‌ಟಾಪ್ ಐಕಾನ್‌ನಿಂದ ತೆರೆದ ಎಡಿಟರ್‌ಗೂ .ಬ್ಯಾಷ್‌ಆರ್‌ಸಿ ತಲುಪಿರುವುದಿಲ್ಲ, ಎಡಿಟರ್ ಒಳಗೇ ಇಂಟರ್‌ಪ್ರಿಟರ್ ಆರಿಸಿ, ಇಲ್ಲವೇ ಪ್ರಾಜೆಕ್ಟ್ ಡೈರೆಕ್ಟರಿಯ ಟರ್ಮಿನಲ್‌ನಿಂದ ತೆರೆಯಿರಿ.

ಹೆಜ್ಜೆ 8: ಹಳೆಯವನ್ನು ತೆಗೆಯುವುದು, ಹೊಸತಾಗಿಡುವುದು

ಹೋಮ್‌ನಲ್ಲಿ ಹಾಕಿದ್ದಕ್ಕೆ ಒಂದು ಬೆಲೆಯಿದೆ: ಆಪ್ಟ್ ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ. ಪೈಥಾನ್‌ನಲ್ಲಿ ಭದ್ರತಾ ದೋಷ ಬಂದರೆ ಡಿಸ್ಟ್ರೋದ ಪ್ರತಿ ತಾನಾಗಿ ಸರಿಹೋಗುತ್ತದೆ, ಪೈಎನ್ವ್ ಒಳಗಿನದು ನೀವು ಹೊಸ ಕಿರು ಆವೃತ್ತಿ ಕಟ್ಟುವವರೆಗೆ ಹಾಗೇ ಕೂತಿರುತ್ತದೆ. ಪೈಥಾನ್‌ನ ಪ್ರತಿ ಆವೃತ್ತಿಗೆ ಸುಮಾರು 5 ವರ್ಷ ಆಯಸ್ಸು; 3.8ರದ್ದು 2024ರ ಅಕ್ಟೋಬರ್‌ಗೆ ಮುಗಿಯಿತು, 3.9ರದ್ದು 2025ರ ಅಕ್ಟೋಬರ್‌ಗೆ.

ತೆಗೆಯುವ ಮೊದಲು ಅದನ್ನು ಯಾವ ವೆನ್ವ್ ನೆಚ್ಚಿಕೊಂಡಿದೆ ನೋಡಿ. ವೆನ್ವ್‌ನ ಬಿನ್ ಒಳಗಿರುವ ಪೈಥಾನ್ ಬರೀ ಕೊಂಡಿ. ಮೂಲ ಹೋದರೆ ಅದು ಗಾಳಿಯಲ್ಲಿ ನೇತಾಡುತ್ತದೆ. ಪ್ರತಿ ವೆನ್ವ್‌ನಲ್ಲೂ ಪೈವೆನ್ವ್.ಸಿಎಫ್‌ಜಿ ಎಂಬ ಕಡತವಿರುತ್ತದೆ, ಅದರಲ್ಲಿ ಹೋಮ್ = ಎಂದು ಶುರುವಾಗುವ ಸಾಲು ಮೂಲ ಪೈಥಾನ್‌ನ ವಿಳಾಸ. ಫೈಂಡ್ ಬಳಸಿ ಹೋಮ್‌ನೊಳಗಿನ ಎಲ್ಲ ಪೈವೆನ್ವ್.ಸಿಎಫ್‌ಜಿಗಳನ್ನು ಹುಡುಕಿ ಆ ಸಾಲನ್ನು ಗ್ರೆಪ್ ಮಾಡಿದರೆ ಯಾರು ಯಾರ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಒಂದೇ ನೋಟಕ್ಕೆ ಸಿಗುತ್ತದೆ. ನನ್ನ ಯಂತ್ರದಲ್ಲಿ ಮೊದಲ ಸಲ ಹುಡುಕಿದಾಗ ನೆನಪೇ ಇಲ್ಲದ ಮೂರು ಪ್ರಾಜೆಕ್ಟ್‌ಗಳು ಎದ್ದು ಬಂದವು.

ಡಿಸ್ಟ್ರೋ ಅಪ್‌ಗ್ರೇಡ್ ಮಾಡಿದಾಗ ಇನ್ನೊಂದು ಪೆಟ್ಟು. ಪೈಎನ್ವ್ ಕಟ್ಟಿದ ಪೈಥಾನ್ ಸಿಸ್ಟಮ್‌ನ ಓಪನ್‌ಎಸ್‌ಎಸ್‌ಎಲ್‌ಗೆ ಜೋತುಬಿದ್ದಿರುತ್ತದೆ. ಉಬುಂಟು 20.04ರಲ್ಲಿ ಅದು 1.1 ಸರಣಿ, 22.04ರಲ್ಲಿ 3.0. ಹೊಸ ಡಿಸ್ಟ್ರೋದಲ್ಲಿ ಹಳೆಯ ಲೈಬ್ರರಿ ಹೊರಟುಹೋದರೆ ಪಿಪ್ ಜಾಲತಾಣ ಮುಟ್ಟಲಾರದು. ಆಗ ಆವೃತ್ತಿಗಳನ್ನು ಹೊಸದಾಗಿ ಕಟ್ಟುವುದೇ ದಾರಿ. ರೂಬಿ 3.0 ಮತ್ತು ಅದಕ್ಕೂ ಹಳೆಯವು ಓಪನ್‌ಎಸ್‌ಎಸ್‌ಎಲ್ 3ರ ಜೊತೆ ಕಟ್ಟಲು ತಕರಾರು ಮಾಡುತ್ತವೆ. ಅಂಥ ಮುದಿ ಪ್ರಾಜೆಕ್ಟ್‌ಗಳಿಗೆ ನಿರ್ವಾಹಕದ ಜೊತೆ ಗುದ್ದಾಡಬೇಡಿ, ಡಾಕರ್ ಅಥವಾ ಪಾಡ್‌ಮ್ಯಾನ್ ಕಂಟೇನರ್‌ನಲ್ಲಿ ಹಾಕಿ. ಆ ಕಾಲದ ಲೈಬ್ರರಿಗಳೆಲ್ಲ ಜೊತೆಯಲ್ಲೇ ಬರುತ್ತವೆ. ಪೈಥಾನ್ 2 ಇನ್ನೂ ಬೇಕಿರುವವರಿಗೂ ಇದೇ ಮಾತು. ಅದರ ಬೆಂಬಲ ನಿಂತಿದ್ದು 2020ರ ಜನವರಿ 1ರಂದು.

ಆಗಲೇ ಕೆಟ್ಟಿದ್ದರೆ

ಟರ್ಮಿನಲ್ ತೆರೆಯದಿದ್ದರೆ ಕಂಟ್ರೋಲ್-ಆಲ್ಟ್-ಎಫ್3, ಲಾಗಿನ್. ಯಂತ್ರವನ್ನು ರೀಬೂಟ್ ಮಾಡುವ ಆಸೆ ತಡೆದುಕೊಳ್ಳಿ. ಈಗ ಓಡುತ್ತಿರುವುದು ಓಡುತ್ತಿರಲಿ.

ಎಲ್‌ಎಸ್ -ಎಲ್ /ಯುಎಸ್‌ಆರ್/ಬಿನ್/ಪೈಥಾನ್3 ಎಂದು ನೋಡಿ. ಕೊಂಡಿ /ಇಟಿಸಿ/ಆಲ್ಟರ್‌ನೇಟಿವ್ಸ್ ಕಡೆಗಿದ್ದರೆ ರೋಗ ಸಿಕ್ಕಿತು. ಉಬುಂಟು 22.04ರಲ್ಲಿ ಮದ್ದು ಹೀಗೆ:

ಸುಡೊ ಅಪ್‌ಡೇಟ್-ಆಲ್ಟರ್‌ನೇಟಿವ್ಸ್ --ರಿಮೂವ್-ಆಲ್ ಪೈಥಾನ್3
ಸುಡೊ ಎಲ್‌ಎನ್ -ಎಸ್‌ಎಫ್ ಪೈಥಾನ್3.10 /ಯುಎಸ್‌ಆರ್/ಬಿನ್/ಪೈಥಾನ್3
ಸುಡೊ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಪೈಥಾನ್3-ಮಿನಿಮಲ್ ಪೈಥಾನ್3-ಆಪ್ಟ್ ಪೈಥಾನ್3-ಜಿಐ

ಮೊದಲ ಆಜ್ಞೆ ಪೈಥಾನ್3 ಕೊಂಡಿಯನ್ನೇ ಅಳಿಸುತ್ತದೆ, ಆದ್ದರಿಂದ ಎರಡನೆಯದನ್ನು ತಡಮಾಡದೆ ಹೊಡೆಯಿರಿ. ನಿಮ್ಮ ಡಿಸ್ಟ್ರೋ ಬೇರೆಯಾದರೆ 3.10ರ ಜಾಗದಲ್ಲಿ ಅದರ ಸಂಖ್ಯೆ. ಪೈಥಾನ್3.10 ಎಂಬ ಮೂಲ ಕಡತವೇ ಇಲ್ಲ ಎಂದರೆ ಅದೇ ಆವೃತ್ತಿಯ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಮೊದಲು ನಿಮ್ಮ ಹೋಮ್ ಅನ್ನು ಹೊರಗಿನ ಡಿಸ್ಕ್‌ಗೆ ಎತ್ತಿಟ್ಟು ಆಮೇಲೆ ರಿಪೇರಿಗೆ ಕೈಹಾಕಿ.

ಕೊನೆಗೆ ಒಂದು ಪರೀಕ್ಷೆ: /ಯುಎಸ್‌ಆರ್/ಬಿನ್/ಪೈಥಾನ್3 -ಸಿ, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಇಂಪೋರ್ಟ್ ಆಪ್ಟ್_ಪಿಕೆಜಿ, ಜಿಐ. ಏನೂ ಹೇಳದೆ ಪ್ರಾಂಪ್ಟ್ ಮರಳಿದರೆ ಕಂಟ್ರೋಲ್-ಆಲ್ಟ್-ಎಫ್2 ಒತ್ತಿ ಡೆಸ್ಕ್‌ಟಾಪ್‌ಗೆ ಹೋಗಿ. ಕೆಲವು ಯಂತ್ರಗಳಲ್ಲಿ ಅದು ಎಫ್1.